ಫ್ಲೂ ಬಂದ ವರ್ಷ ಗೇಟಿನ ಹೊರಗೆ ಕೂತವನು

ದೆವ್ವ, ಗಾಳಿ, ಶಕುನ ಎಲ್ಲ ಸುಳ್ಳು ಎಂದು ತಿಳಿದೇ ಬೆಳೆದವಳು ನಾನು. ರಾಯಬಾಗದ ನಮ್ಮ ಓಣಿಯಲ್ಲಿ ಯಾರಿಗಾದರೂ ಮೈಮೇಲೆ ಬಂತೆಂದರೆ ಅಪ್ಪ ನಮ್ಮನ್ನು ಅತ್ತ ಸುಳಿಯಲೂ ಬಿಡುತ್ತಿರಲಿಲ್ಲ. "ಜ್ವರ ಬಂದ್ರ ದವಾಖಾನಿಗೆ ಹೋಗ್ರಿ, ಹಣಿಗೆ ಗುಡಿ ಅಂಗಾರ ಹಚ್ಕೋಬ್ಯಾಡ್ರಿ" ಎನ್ನುವವನು. ಮುಂದೆ ಮಿರಜಿನಲ್ಲಿ ನರ್ಸಿಂಗ್ ಕಲಿತ ಮೇಲೆ ಆ ಮಾತು ನನ್ನ ಕಸುಬೇ ಆಯಿತು. ಈಗ ನಾನು ಹೇಳಹೊರಟಿದ್ದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ, ಮೊದಲು ಅವರ ನಾಡಿ ಹಿಡಿದು ನೋಡುತ್ತಿದ್ದೆ. ನೀವೂ ಹಾಗೆಯೇ ಮಾಡಿದರೆ ನನಗೆ ಬೇಸರವಿಲ್ಲ.

ಎಂಬತ್ತರ ದಶಕದ ಕೊನೆಗೆ, ಮರಳುಗಾಡಿನ ಒಂದು ದೇಶದಲ್ಲಿದ್ದ ನಮ್ಮ ರಾಯಭಾರ ಕಚೇರಿಯ ಸಣ್ಣ ದವಾಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮರಳುಗಾಡೆಂದರೆ ಬರೀ ಬಿಸಿಲು ಎಂದುಕೊಂಡಿದ್ದೆ. ಅಲ್ಲಿಯ ಚಳಿ ಎಲುಬಿಗೆ ಇಳಿಯುವಂಥದ್ದು. ಒಂದು ಚಳಿಗಾಲದಲ್ಲಿ ಆ ಪಟ್ಟಣದ ತುಂಬ ಫ್ಲೂ ಹಬ್ಬಿತು.

ದೊಡ್ಡ ಸಾಹೇಬರು, ಅಂದರೆ ರಾಯಭಾರಿಗಳು, ಸಭೆ ಕರೆದರು. ತಯಾರಿ ಅಚ್ಚುಕಟ್ಟಾಗಿತ್ತು, ಅದನ್ನು ಅಲ್ಲಗಳೆಯಲಾರೆ. ಚುಚ್ಚುಮದ್ದು ಬರ್ಫದ ಪೆಟ್ಟಿಗೆಯಲ್ಲಿ ವಿಮಾನದಲ್ಲಿ ಬಂತು. ಉಗ್ರಾಣದಲ್ಲಿ ಅಕ್ಕಿ, ಬೇಳೆ, ಹಾಲಿನ ಪುಡಿ, ನೀರಿನ ಕ್ಯಾನು ತುಂಬಿಸಿದರು. ಟೈಪಿಸ್ಟ್ ಮಲಗಿದರೆ ಅವನ ಕೆಲಸ ಯಾರು ಮಾಡಬೇಕು, ಜ್ವರ ಬಂದವರನ್ನು ಯಾವ ಕೋಣೆಯಲ್ಲಿ ಇಡಬೇಕು, ಎಲ್ಲ ನಿರ್ಧಾರವಾಯಿತು. ಸಾಹೇಬರ ನಾಯಿಗೆ ಬೇಕಾದ ಬಿಸ್ಕತ್ತನ್ನು ಕೂಡ ಮರೆಯದೆ ತರಿಸಿದರು. ಊರಾಚೆಯ ಕ್ಯಾಂಪುಗಳಲ್ಲಿ ನಮ್ಮ ದೇಶದ ಸಾವಿರಾರು ಹುಡುಗರು ಕಟ್ಟಡದ ಕೆಲಸಕ್ಕಿದ್ದರು. ಅವರ ಸುದ್ದಿ ಯಾರೂ ಎತ್ತಲಿಲ್ಲ.

"ಸರ್, ಕ್ಯಾಂಪಿನವರಿಗೆ?" ಎಂದು ನಾನೇ ಕೇಳಿದೆ.

"ಅವರನ್ನು ಅವರ ಕಂಪನಿ ನೋಡಿಕೊಳ್ಳುತ್ತೆ, ಸಿಸ್ಟರ್."

ಮರುದಿನದಿಂದ ಪಾಸ್‌ಪೋರ್ಟ್ ಕಿಟಕಿ ಮುಚ್ಚಿತು. ಗೇಟಿಗೆ ಬೀಗ ಬಿತ್ತು. ಒಳಗಿನವರು ಹೊರಗೆ ಹೋದರೆ ತಿರುಗಿ ಬರುವಂತಿರಲಿಲ್ಲ.

ಸಂಕ್ರಾಂತಿಯ ದಿನ ಮಧ್ಯಾಹ್ನ. ನಾನು ಮೇಲಿನ ದವಾಖಾನೆಯಲ್ಲಿ ಸೂಜಿ ಕುದಿಸುತ್ತಿದ್ದೆ. ರಸ್ತೆಯ ಕಡೆಯಿಂದ "ಯವ್ವಾ... ಯವ್ವಾ..." ಎಂಬ ನರಳಾಟ ಕೇಳಿತು. ಆ 'ಯವ್ವಾ' ನಮ್ಮ ಕಡೆಯದು. ಕಿಟಕಿ ತೆಗೆದು ಬಗ್ಗಿದೆ. ಕಾಂಪೌಂಡ್ ಗೋಡೆಯ ಹೊರಗೆ, ಲೈಟಿನ ಕಂಬಕ್ಕೆ ಒರಗಿ, ಕಂಬಳಿ ಹೊದ್ದ ತರುಣನೊಬ್ಬ ನಡುಗುತ್ತ ಕೂತಿದ್ದ.

"ಯಾವ ಊರೋ ತಮ್ಮಾ?" ಎಂದು ಕೂಗಿದೆ.

ತಲೆ ಎತ್ತಿದ. "ಸದಲಗಾ ರೀ ಅಕ್ಕಾರ. ಜ್ವರಾ ಇಳೀವಲ್ತು. ಕ್ಯಾಂಪಿನಿಂದ ಹೊರಗ ಹಾಕ್ಯಾರ. ಒಳಗ ಬಿಡಸ್ರಿ."

ಕೆಳಗೆ ಓಡಿದೆ. ಕಾವಲುಗಾರ ತಲೆ ಅಲ್ಲಾಡಿಸಿದ. ಸಾಹೇಬರು, "ಒಬ್ಬನನ್ನು ಬಿಟ್ಟರೆ ನೂರು ಜನ ಬರುತ್ತಾರೆ. ನಮ್ಮ ತಯಾರಿಯೆಲ್ಲ ಏನಾಗಬೇಕು?" ಎಂದರು. ವಾದಿಸಿದೆ, ಕೈ ಮುಗಿದೆ, ಆಗಲಿಲ್ಲ. ಮೇಲೆ ಬಂದು ಗುಳಿಗೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಬೀಸಿ ಒಗೆದೆ. ಗಂಟು ಗೋಡೆಯ ಮೇಲಿನ ಮುಳ್ಳುತಂತಿಗೆ ಸಿಕ್ಕಿ ಜೋತಾಡಿತು. ಅವನು ಅದನ್ನೇ ನೋಡುತ್ತ ಕೂತ. ಏಳುವ ಶಕ್ತಿ ಅವನಲ್ಲಿರಲಿಲ್ಲ.

ಅಷ್ಟರಲ್ಲಿ ಮಕ್ಕಳಿಗೆ ಸೂಜಿ ಹಾಕಲು ಕಾಂಪೌಂಡಿನೊಳಗೇ ಇದ್ದ ಸಾಹೇಬರ ಮನೆಯಿಂದ ಕರೆ ಬಂತು. ಹೋದೆ. ಕೆಲಸ ಮುಗಿದ ಮೇಲೆ ಸಾಹೇಬರ ಹೆಂಡತಿ ಬಾಯಿಸಾಹೇಬರು ನನ್ನ ಅಂಗೈಗೆ ಕುಸುರೆಳ್ಳು ಹಾಕಿ, "ಸಿಹಿ ತಿನ್ನಿ, ಸಿಹಿ ಮಾತಾಡಿ" ಎಂದರು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕಿಟಕಿಗೆ ಬಂದೆ. ರಸ್ತೆ ಖಾಲಿ. ಪೊಲೀಸರು ಎತ್ತಿಕೊಂಡು ಹೋಗಿರಬೇಕು, ಇಲ್ಲವೇ ಎಲ್ಲೋ ಬಿದ್ದು ಸತ್ತಿರಬೇಕು ಎಂದುಕೊಂಡೆ. ಆ ವಾರವೆಲ್ಲ ಊಟ ರುಚಿಸಲಿಲ್ಲ.

ಫ್ಲೂ ಇಳಿಯಿತು. ಪಾಸ್‌ಪೋರ್ಟ್ ಕಿಟಕಿ ಮತ್ತೆ ತೆರೆಯಿತು. ಒಂದು ದಿನ ಆ ಸಾಲಿನಲ್ಲಿ ಅವನು ನಿಂತಿದ್ದ! ಸೊರಗಿ ಕಡ್ಡಿಯಾಗಿದ್ದ. ಹೆಸರು ಅಣ್ಣಾಸಾಬ. ಊರಲ್ಲಿ ಕಬ್ಬಿನ ಹೊಲ, ಟ್ರ್ಯಾಕ್ಟರ್ ಎಲ್ಲ ಇದ್ದರೂ ಹೊರದೇಶದ ಹುಚ್ಚಿಗೆ ಕ್ರೇನ್ ನಡೆಸಲು ಬಂದವನು. ಈಗ ಊರಿಗೆ ಮರಳಲು ಕಾಗದಪತ್ರಕ್ಕಾಗಿ ಬಂದಿದ್ದ. ಹೇಗೆ ಬದುಕಿದೆಯೋ ಎಂದು ಕೇಳಿದೆ.

"ನೀವು ಒಳಗ ಹೋದ ಮ್ಯಾಲ ಒಬ್ಬಾಕಿ ಮುದುಕಿ ಬಂದ್ಲರೀ ಅಕ್ಕಾರ. ಹಸರ ಸೀರಿ, ಕಚ್ಚಿ ಹಾಕಿದ್ಲು. 'ಏಳೋ ಮಗನ, ಇಲ್ಲಿ ಕುಂತ್ರ ಯಾರೂ ಬರಂಗಿಲ್ಲ' ಅಂತ ನಮ್ಮ ಮಾತಿನ್ಯಾಗ ಅಂದ್ಲು. ತಂಬಿಗ್ಯಾಗ ಬೆಲ್ಲದ ಕಷಾಯ ತಂದಿದ್ಲು, ಬಿಸೀದು. ಕುಡಿಸಿದ್ಲು. ಹೆಗಲ ಕೊಟ್ಟು ಸರಕಾರಿ ದವಾಖಾನಿ ಬಾಗಲತನಕಾ ನಡಿಸಿದ್ಲು. ಹೊಳ್ಳಿ ನೋಡೂದ್ರಾಗ ಇಲ್ಲರೀ."

ಆ ಪಟ್ಟಣದಲ್ಲಿ ಕಚ್ಚೆ ಸೀರೆಯ ಮುದುಕಿ ಎಲ್ಲಿಂದ ಬರಬೇಕು? "ಜ್ವರದಾಗ ಹಂಗ ಕಾಣಸ್ತೈತಿ" ಎಂದೆ.

"ಇರಬಹುದ್ರಿ. ಆದ್ರ ಆ ಕೈ ಮರಿಯಂಗಿಲ್ಲ. ಎಡಗೈದು ತೋರಬೆರಳ ಅರ್ಧಾನ ಇತ್ತು."

ನಾನು ಹುಟ್ಟುವ ಮೊದಲೇ, ಯಾರದೋ ಹೊಲದಲ್ಲಿ ಕಬ್ಬು ಕಡಿಯುವಾಗ, ನಮ್ಮವ್ವನ ಎಡಗೈ ತೋರುಬೆರಳು ಅರ್ಧ ತುಂಡಾಗಿತ್ತು. ಅದನ್ನು ಆ ದೇಶದಲ್ಲಿ ಯಾರಿಗೂ ಹೇಳಿದ್ದಿಲ್ಲ. "ರಾಯಬಾಗದಾಗ ನಮ್ಮವ್ವನ ಬೆರಳೂ ಹಂಗ ಐತಿ" ಎಂದಷ್ಟೇ ಅಂದೆ. ಅವನು ಮನೆ ಎಲ್ಲಿ ಎಂದು ಕೇಳಿಕೊಂಡು ಕೈಮುಗಿದ. "ಊರಿಗೆ ಹೋದ ಮ್ಯಾಲ ಬಂದು ಕಾಲ ಬೀಳ್ತೇನ್ರಿ."

ಬೇಸಿಗೆಯಲ್ಲಿ ರಜೆಗೆ ಬಂದೆ. ಅವ್ವನಿಗೆ ಬೇಕೆಂದೇ ಒಂದು ಮಾತೂ ಹೇಳಲಿಲ್ಲ. ಹೇಳಿದರೆ ಅವಳೂ ಏನಾದರೊಂದು ಕತೆ ಕಟ್ಟಿಕೊಂಡಾಳು ಎಂದು.

ಒಂದು ಮುಂಜಾನೆ ಅಣ್ಣಾಸಾಬ ನಿಜಕ್ಕೂ ಬಂದ. ಕೈಯಲ್ಲಿ ಪೇಡೆಯ ಡಬ್ಬಿ. ಅವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಅವಳನ್ನು ಕಂಡವನೇ, "ಆಕೀನ ರೀ ಅಕ್ಕಾರ! ಆಕೀನ!" ಎಂದು ಬಿಕ್ಕಿದ. ಕಾಲಿಗೆ ಬೀಳಲು ಬಗ್ಗಿದ. ಬಗ್ಗಿದವನ ಕಣ್ಣಿಗೆ ತೆರೆದ ಬಾಗಿಲೊಳಗೆ ಗೋಡೆಯ ಮೇಲಿದ್ದ ಬುದ್ಧನ ಫೋಟೊ ಬಿತ್ತು. ಅಲ್ಲೇ ತಡೆದ. ನೆಟ್ಟಗಾದ.

"ನೀವು ಯಾರ ಪೈಕಿ ರೀ?" ಎಂದು ಕೇಳಿದ.

"ಬೌದ್ಧರಪಾ ನಾವು, ಕೇರಿ ಮಂದಿ," ಎಂದಳು ಅವ್ವ.

"ಹಾಂ," ಎಂದು ಹೊರಸಿನ ತುದಿಗೆ ಕೂತ. ಅವ್ವ ಒಳಗೆ ಹೋಗಿ ನೀರು ತಂದಳು. "ಬ್ಯಾಡ್ರಿ. ಈಗಷ್ಟ ಸ್ಟ್ಯಾಂಡಿನ್ಯಾಗ ಚಾ ಕುಡದ ಬಂದೇನಿ," ಎಂದ.

ಅವ್ವ ನೀರನ್ನು ಹೊರಸಿನ ಮೇಲೆ ಅವನ ಪಕ್ಕದಲ್ಲೇ ಇಟ್ಟಳು. ಸಿಟ್ಟಿಲ್ಲದೆ, ಮೆಲ್ಲಗೆ, "ಅವತ್ತ ನನ್ನ ಕೈಲೆ ಕುಡದಿದ್ದಿ ಅಲ್ಲೋ ಯಪ್ಪಾ," ಎಂದಳು.

ಅಣ್ಣಾಸಾಬ ಗಕ್ಕನೆ ತಲೆ ಎತ್ತಿದ. ನೀವು ಹೇಳಿದ್ದಿರಾ ಎಂಬಂತೆ ನನ್ನತ್ತ ನೋಡಿದ. ಇಲ್ಲವೆಂದು ತಲೆಯಾಡಿಸಿದೆ. ಅವನು ಎದ್ದು ಚಪ್ಪಲಿ ಮೆಟ್ಟಿದ. "ಆಕಿ ಬ್ಯಾರೆ ಇರಬೇಕ್ರಿ ಅಕ್ಕಾರ. ಆವಾಗ ನನಗ ಜ್ವರಾ ಇತ್ತು," ಎಂದು ಹೇಳಿ, ಹಿಂದೆ ನೋಡದೆ ಓಣಿ ದಾಟಿಹೋದ.

"ಯಾವತ್ತ ಕುಡಿಸಿದ್ದೆವ್ವಾ?" ಎಂದು ಅವ್ವನನ್ನು ಹಿಡಿದು ಕೇಳಿದೆ.

"ಸಂಕ್ರಾಂತಿ ದಿನ ಊಟಾ ಮಾಡಿ ಅಡ್ಡಾಗಿದ್ನಿ. ಯಾರೋ 'ಯವ್ವಾ' ಅಂತ ಒದರಾಕತ್ತಿದ್ರು. ಹೋದೆ."

"ಎಲ್ಲಿಗೆ?"

"ನನಗೇನ ಗೊತ್ತ? ದೊಡ್ಡ ಗ್ವಾಡಿ ಇತ್ತು. ನೀ ಮ್ಯಾಲ ಕಿಟಕ್ಯಾಗ ಬಂದು ನಿಂತಿದ್ದಿ. ಎಷ್ಟ ಕೂಗಿದ್ರೂ ನೀ ಈ ಕಡೆ ನೋಡಲಿಲ್ಲ."

ಅಷ್ಟು ಹೇಳಿ ಮತ್ತೆ ಮೊರ ಕೈಗೆತ್ತಿಕೊಂಡಳು. ಆಮೇಲೆ ಸಾಯುವವರೆಗೂ ಆ ವಿಷಯ ಎತ್ತಲಿಲ್ಲ. ಮಿರಜ್ ದಾಟಿ ಅವಳು ಎಂದೂ ಹೋದವಳಲ್ಲ.

ನನಗೆ ಈಗಲೂ ದೆವ್ವದಲ್ಲಿ ನಂಬಿಕೆಯಿಲ್ಲ. ಅವ್ವ ಆಗ ಬದುಕಿದ್ದಳು, ಅವಳನ್ನು ದೆವ್ವವೆನ್ನುವುದಾದರೂ ಹೇಗೆ? ಅಣ್ಣಾಸಾಬ ತನಗೆ ಜ್ವರವಿತ್ತು ಎಂದು ಹೇಳಿಕೊಂಡು ಪಾರಾದ. ಅವ್ವನಿಗೆ ಆ ದಿನ ಜ್ವರ ಇರಲಿಲ್ಲ. ಕುಸುರೆಳ್ಳು ಹಿಡಿದು, ಕಣ್ಣು ಹರಿಯುವಷ್ಟು ದೂರ ಆ ರಸ್ತೆಯನ್ನು ನೋಡಿಯೂ ಯಾರನ್ನೂ ಕಾಣದ ನನಗೂ ಇರಲಿಲ್ಲ.