ಮಿಸೆಸ್ ಲಿನ್ ಕಲಿತ ಒಂದೇ ಕನ್ನಡ ಪದ

ಕಪ್ಪು ಕಲ್ಲಿನ ಮೇಲೆ ತುಸು ನೀರು ಹಾಕಿ ಮಿಸೆಸ್ ಲಿನ್ ಮಸಿಯ ಕಡ್ಡಿ ತೇಯುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ನಾವಿದ್ದ ಪ್ಲಿಮತ್ ಊರಿನ ಲೈಬ್ರರಿಯಲ್ಲಿ ಮೊದಲ ಸಲ ಅದನ್ನು ಕೇಳಿದಾಗ, ಅಮ್ಮ ಪೂಜೆಗೆ ಗಂಧ ತೇಯುತ್ತಿದ್ದಾಳೆ ಅನ್ನಿಸಿ ತಿರುಗಿ ನೋಡಿದ್ದೆ. ಬಾಟಲಿಯಲ್ಲಿ ರೆಡಿಮೇಡ್ ಇಂಕ್ ಸಿಗುತ್ತಲ್ಲ ಎಂದು ಕೇಳಿದರೆ, ತೇಯುವಾಗ ನಿಮ್ಮ ಬಾಯಿ ಸುಮ್ಮನಿರುತ್ತದೆ, ಅದಕ್ಕೇ ಎಂದರು.

ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಡ್ರಾಫ್ಟಿಂಗ್, ಅಂದರೆ ನಕ್ಷೆ ಬರೆಯುವ ಕೆಲಸ, ಮಾಡಿ ರಿಟೈರ್ ಆದವರು. ನಟ್ಟು ಬೋಲ್ಟಿನ ಅಳತೆ ಬರೆದು ಬರೆದು ಸಾಕಾಗಿ, ಚೀನೀ ಮಸಿಚಿತ್ರ ಕಲಿಸಲು ಕೂತಿದ್ದರು. ಆ ಚಿತ್ರಗಳಲ್ಲಿ ಮಾಮೂಲಾದ ಬಿದಿರು, ಕೊಕ್ಕರೆಗಳ ಗೊಡವೆಗೆ ಹೋಗುತ್ತಿರಲಿಲ್ಲ. ಹಿಮ ಬಿದ್ದ ಪಾರ್ಕಿಂಗ್ ಲಾಟಿನಲ್ಲಿ ಯಾರೋ ಬಿಟ್ಟುಹೋದ ಶಾಪಿಂಗ್ ಕಾರ್ಟ್ ಬರೆದರೆ ಕಾರ್ಟಿಗೆ ಐದಾರು ಗೆರೆ, ಉಳಿದ ಹಾಳೆಯೆಲ್ಲ ಖಾಲಿ. ನೋಡಿದರೆ ನನಗೆ ಚಳಿಯಾಗುತ್ತಿತ್ತು.

ಅವರ ಕ್ಲಾಸಿಗೆ ಸೇರಿದ ನಾನೋ, ಕಾನ್ವೆಂಟಿನವಳು. ಎಂಪ್ಟಿ ಕಾರ್ನರ್ ಈಸ್ ಎ ಲೇಜಿ ಕಾರ್ನರ್ ಎನ್ನುತ್ತಿದ್ದರು ನಮ್ಮ ಡ್ರಾಯಿಂಗ್ ಸಿಸ್ಟರ್. ಅದೇ ಕಾರ್ಟನ್ನು ನಾನೂ ಬರೆದು ಸುತ್ತ ದೀಪದ ಕಂಬ, ಕಾರು, ಕಾಗೆ ಎಲ್ಲ ತುಂಬಿಸಿದೆ. ಮಿಸೆಸ್ ಲಿನ್ ನೋಡಿ, "ಟೂ ಮಚ್ ಸಾಂಬಾರ್," ಎಂದರು.

ನನ್ನ ಸಾಂಬಾರು ಅವರಿಗೆ ಗೊತ್ತಿತ್ತು. ಕ್ಲಾಸ್ ಮುಗಿಸಿ ನಮ್ಮನೆಗೆ ಊಟಕ್ಕೆ ಬರುತ್ತಿದ್ದರು. ನೋ ಥ್ಯಾಂಕ್ಸ್ ಎಂದರೆ ಸೌಟು ನಿಲ್ಲಿಸುವವಳೇ ನಾನು? ಕೊನೆಗೆ ನನ್ನ ಮಗಳೇ ಕನಿಕರಪಟ್ಟು, "ಆಂಟಿ, ತಟ್ಟೆಗೆ ಹೀಗೆ ಕೈ ಅಡ್ಡ ಹಿಡಿದು ಸಾಕು ಅನ್ನಿ," ಎಂದು ಹೇಳಿಕೊಟ್ಟಳು. ಅವರು ಕಲಿತ ಒಂದೇ ಕನ್ನಡ ಪದ ಅದು. ಮುಂದಿನ ಕ್ಲಾಸಿನಿಂದ ನಾನು ಇನ್ನೊಮ್ಮೆ ಕುಂಚ ಅದ್ದುವುದೇ ತಡ, ಹಾಳೆಯ ಮೇಲೆ ಅವರ ಕೈ ಅಡ್ಡ ಬರುತ್ತಿತ್ತು. "ಸಾಕು. ಇಟ್ ಈಸ್ ಅಲೈವ್. ಟಚ್ ಇಟ್ ಅಗೇನ್, ಇಟ್ ಡೈಸ್."

ಆಮೇಲೆ ಅವರ ಕಣ್ಣು ಮಂಜಾಗುತ್ತ ಬಂತು. ಆಪರೇಷನ್‌ಗೆ ಬಗ್ಗುವ ಕಾಯಿಲೆಯಲ್ಲವಂತೆ. ಡ್ರೈವಿಂಗ್ ನಿಂತಿತು, ಕ್ಲಾಸೂ ನಿಂತಿತು.

ಅವರನ್ನು ಕೊನೆಯದಾಗಿ ನೋಡಿದ್ದು ದೂರದ ಇಟಾಸ್ಕಾದಲ್ಲಿರುವ ಅವರ ಮಗ ತನ್ನ ಮನೆಗೆ ಕರೆದೊಯ್ಯಲು ಬಂದ ಬೆಳಿಗ್ಗೆ. ಸಾಮಾನೆಲ್ಲ ಕಾರು ಸೇರಿತ್ತು. ಟೇಬಲ್ ಮೇಲೆ ಕಲ್ಲು, ಕುಂಚ, ಒಂದು ಹಾಳೆ ಮಾತ್ರ. ಇದೊಂದು ಬರೆದು ಹೊರಡುತ್ತೇನೆ ಎಂದು ಮಗನಿಗೆ ಹೇಳಿದ್ದರಂತೆ. ನನಗೆ ತೇಯಲು ಹೇಳಿದರು. ಬಾಯಿ ಮುಚ್ಚಿಕೊಂಡು ತೇಯ್ದೆ.

ಹಾಳೆಯ ಅಂಚನ್ನು ಬೆರಳಿನಿಂದ ಸವರಿ ಗೊತ್ತುಮಾಡಿಕೊಂಡು, ನಮ್ಮ ಬಡಾವಣೆಯ ಕೊಳದ ಹೆಬ್ಬಾತೊಂದನ್ನು ಬರೆದರು. ಕತ್ತಿಗೆ ಒಂದೇ ಗೆರೆ, ಮೈಗೆ ತೆಳುಮಸಿಯ ಒಂದು ಒತ್ತು. ಕುಂಚ ಎತ್ತಿ ಹಿಡಿದೇ ನನ್ನ ಕಡೆ ತಿರುಗಿದರು.

"ಐ ಕಾಂಟ್ ಸೀ. ಯೂ ಟೆಲ್ ಮಿ. ಸಾಕು?"

ಬಾತು ಒಂಟಿಯಾಗಿತ್ತು. ಪಕ್ಕದಲ್ಲಿ ಇನ್ನೊಂದಕ್ಕೆ ಧಾರಾಳವಾಗಿ ಜಾಗವಿತ್ತು. ಅದನ್ನೂ ಬರೆಯಿರಿ ಎಂದರೆ ಇನ್ನೊಂದು ಗಳಿಗೆ ಕೂತಿರುತ್ತಿದ್ದರು. ಹೊರಗೆ ಮಗ ಕಾರ್ ಸ್ಟಾರ್ಟ್ ಮಾಡಿದ.

ಮತ್ತೆ ನೋಡಿದೆ. ಏನೂ ಬರೆಯದ ಕಡೆಯೆಲ್ಲ ನೀರಿತ್ತು. ಬಾತು ಆಗಲೇ ಹೊರಟಿತ್ತು.

ಕುಂಚಕ್ಕೂ ಹಾಳೆಗೂ ನಡುವೆ ಕೈ ಅಡ್ಡ ಹಿಡಿದೆ. "ಸಾಕು," ಎಂದೆ.