ಗಿರಿಜಕ್ಕನ ಮನೆಯ ನೀರು

ಬಂಗುಡೆಯ ಕಣ್ಣು ನೋಡಿಯೇ ಅದು ಬಲೆಗೆ ಬಿದ್ದ ಹೊತ್ತನ್ನು ಹೇಳುತ್ತಿದ್ದ ಗಿರಿಜಕ್ಕ, ಈರುಳ್ಳಿಯನ್ನೂ ಮುಟ್ಟದ ನಮ್ಮ ಮನೆಗೆ ಮೀನಿನ ಡಾಕ್ಟರಾಗಿ ಬಂದಳು. ಡೊಂಬಿವಲಿಯಲ್ಲಿ ನಮ್ಮದು ಎದುರುಬದುರು ಬಾಗಿಲು. ಅವಳು ಮೀನು ಹುರಿಯತೊಡಗಿದರೆ ನಮ್ಮತ್ತೆ ಊದುಬತ್ತಿ ಹಚ್ಚುತ್ತಿದ್ದರು. ಅವಳು ಬಾಗಿಲಿಗೆ ಬಂದು, ಇವತ್ತು ಯಾವ ದೇವರ ಪೂಜೆ ಎಂದು ಏನೂ ಅರಿಯದವಳಂತೆ ವಿಚಾರಿಸುತ್ತಿದ್ದಳು.

ತೀರಿಹೋದ ಮಾವ ಅಕ್ಕರೆಯಿಂದ ಸಾಕಿದ್ದ ಮೀನಿನ ತೊಟ್ಟಿ ಅತ್ತೆಯ ಪಾಲಿಗೆ ಬಂದಿತ್ತು. ಅತ್ತೆಗೆ ನಿನ್ನೆಯ ನೀರು ಮೈಲಿಗೆ. ಬೆಳಿಗ್ಗೆ ನಲ್ಲಿ ಬಂದೊಡನೆ ಕೊಡಗಳನ್ನೆಲ್ಲ ಚೆಲ್ಲಿ ಹೊಸದಾಗಿ ತುಂಬಿಸುವರು. ಮೀನುಗಳಿಗೂ ಅದೇ ಮಡಿ. ಬ್ಲೀಚಿಂಗ್ ಪೌಡರಿನ ಘಾಟಿನ ಆ ತಾಜಾ ನೀರಿನಲ್ಲಿ ಅವು ಒಂದೊಂದಾಗಿ ಶಿವನ ಪಾದ ಸೇರಿದವು. ಒಂದು ಕರಿಮೀನು ಮಾತ್ರ ಉಳಿಯಿತು. ಅತ್ತೆ ಹೆದರಿ ತೊಟ್ಟಿ ಮುಟ್ಟುವುದನ್ನೇ ಬಿಟ್ಟರು. ಗಿಡಗಳು ಕೊಳೆತು ನೀರು ಹಸಿರುಗಟ್ಟಿತು.

ದೀಪಾವಳಿಗೆ ಟಿವಿ ಬರುತ್ತದೆ, ಅದಕ್ಕೆ ಜಾಗ ಬೇಕು, ಅಷ್ಟರಲ್ಲಿ ಚೊಕ್ಕಟವಾಗದಿದ್ದರೆ ತೊಟ್ಟಿ ಗುಜರಿ ಕೊಳ್ಳುವ ಭಂಗಾರದವನಿಗೆ ಎಂದರು ನನ್ನ ಗಂಡ. ಅತ್ತೆ ಆ ದಿನ ಊಟ ಮಾಡಲಿಲ್ಲ. ಮಾವನ ಕೈಯಿಂದ ತಿಂದ ಜೀವ ಅದೊಂದೇ ಉಳಿದಿತ್ತು. ನನಗೆ ತಡೆಯಲಾಗದೆ ಗಿರಿಜಕ್ಕನನ್ನು ಕರೆದೆ.

ನನ್ನ ಕೈಯಲ್ಲಿದ್ದ ಸೋಪಿನ ಪುಡಿಯನ್ನು ಅವಳು ಮೊದಲು ಕಿತ್ತುಕೊಂಡಳು.

"ನೀರು ಪೂರಾ ಚೆಲ್ಲಬೇಡ ಮಾರಾಯ್ತಿ. ಹಳೇ ನೀರಲ್ಲಿ ಹೆಪ್ಪು ಉಂಟು. ಮೊಸರಿನ ಪಾತ್ರೆ ತೊಳೆದಿಟ್ಟರೆ ನಾಳೆಗೆ ಮೊಸರು ಎಲ್ಲಿಂದ?"

ಕೊಳೆತ ಎಲೆಗಳನ್ನು ಹೆಕ್ಕಿದಳು. ಬಿಸಿಲು ಬೀಳುವ ಕಡೆಯ ಗಾಜಿಗೆ ಹಳೆಯ ಪೇಪರ್ ಅಂಟಿಸಿದಳು. ಸೊಳ್ಳೆಮರಿ ತಿನ್ನಲೆಂದು ಅವಳ ಗ್ಯಾಲರಿಯ ನೀರಿನ ಡ್ರಮ್ಮಿನಲ್ಲಿ ಪುಟ್ಟ ಮೀನುಗಳೂ ರಿಬ್ಬನಿನಂಥ ನೀರುಗಿಡಗಳೂ ಇದ್ದವು. ಆ ಗಿಡಗಳನ್ನೇ ತಂದು ನಮ್ಮ ತೊಟ್ಟಿಯ ಮರಳಿನಲ್ಲಿ ನೆಟ್ಟಳು. ದಿನವೂ ಒಂದು ಚೊಂಬು ಹಸಿರು ನೀರು ತೆಗೆದು, ಅದೇ ಡ್ರಮ್ಮಿನ ಒಂದು ಚೊಂಬು ನೀರು ಹಾಕುತ್ತಿದ್ದಳು. ಒಮ್ಮೆಲೇ ಹಾಕಿದರೆ ಮೀನಿಗೆ ಒಗ್ಗುವುದಿಲ್ಲವಂತೆ.

ಫಜೀತಿ ಇದ್ದದ್ದು ಅಲ್ಲೇ. ಮೀನು ಬೇಯಿಸುವ ಮನೆಯ ನೀರು, ಅದೂ ನಿನ್ನೆಯದು! ಅತ್ತೆ ಆ ಮನೆಯಲ್ಲಿ ಒಂದು ಹನಿಯನ್ನೂ ಬಾಯಿಗೆ ಹಾಕಿದವರಲ್ಲ. ಗಿರಿಜಕ್ಕನಿಗೆ ಅದು ಗೊತ್ತಿತ್ತು. ಆದ್ದರಿಂದಲೇ ಹೊಸ್ತಿಲಲ್ಲಿ ನಿಂತು, "ದಾರಿ ಬಿಡಿ ಅಮ್ಮ, ಮೈಲಿಗೆ ಬರ್ತಾ ಉಂಟು" ಎಂದು ಸಾರಿಯೇ ಒಳಗೆ ಬರುತ್ತಿದ್ದಳು. ಅತ್ತೆ ದೇವರ ಕೋಣೆಗೆ ಹೋಗಿ ಜೋರಾಗಿ ಗಂಟೆ ಬಾರಿಸುತ್ತಿದ್ದರು. ಬರಬರುತ್ತಾ ಗಂಟೆಯ ಸದ್ದು ಸಣ್ಣದಾಯಿತು. ಆಮೇಲೆ ಗಿರಿಜಕ್ಕ ಬರುವುದು ತಡವಾದರೆ ಅತ್ತೆಯೇ ಬಾಗಿಲಲ್ಲಿ ನಿಂತು ಗೊಣಗತೊಡಗಿದರು.

ದೀಪಾವಳಿಯ ಹೊತ್ತಿಗೆ ನೀರು ತಿಳಿಯಾಯಿತು. ಎಲೆಗಳ ನಡುವಿನಿಂದ ಕರಿಮೀನು ಹೊರಗೆ ಬಂದು ಅತ್ತೆಯ ಬೆರಳ ತುದಿಯನ್ನು ಗಾಜಿನಾಚೆಯಿಂದ ಹಿಂಬಾಲಿಸಿತು. ತೊಟ್ಟಿ ಇದ್ದಲ್ಲೇ ಉಳಿಯಿತು, ಟಿವಿ ಕಪಾಟಿನ ಮೇಲೇರಿತು. ನಾವೆಲ್ಲ ಕತ್ತು ನೋಯಿಸಿಕೊಂಡೇ ಅದನ್ನು ನೋಡಿದೆವು.

ಮರುವರ್ಷ ಗಿರಿಜಕ್ಕನ ಗಂಡ ಹೋಟೆಲಿನ ಕೆಲಸ ಬಿಟ್ಟರು. ಅವರು ಸಂಸಾರ ಸಮೇತ ತಮ್ಮೂರು ಮಲ್ಪೆಗೆ ಹೊರಟ ದಿನ ಡ್ರಮ್ಮು ನಮ್ಮ ಗ್ಯಾಲರಿಗೆ ಬಂತು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಮಾತ್ರ ನೆಟ್ಟಗೆ ಅವಳ ಅಡುಗೆಮನೆಗೆ ಹೋಗಿ ನಿಂತರು.

"ನಮ್ಮವರ ಮೀನು ಬದುಕಿದ್ದು ನಿನ್ನ ಮನೆ ನೀರಲ್ಲಿ, ಗಿರಿಜಾ. ನನಗೂ ಒಂದು ಲೋಟೆ ಕೊಡು."

ಗಿರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನೀರು ಕೊಟ್ಟಳು. ಆದರೂ ಹುಟ್ಟುಗುಣ ಎಲ್ಲಿ ಹೋದೀತು?

"ಒಮ್ಮೆಲೇ ಬೇಡ ಅಮ್ಮ, ಸ್ವಲ್ಪ ಸ್ವಲ್ಪವೇ ಕುಡಿಯಿರಿ. ಹೊಸ ನೀರು ಒಗ್ಗಬೇಕಲ್ಲ."

ಅತ್ತೆ ಗಟಗಟನೆ ಕುಡಿದು, ಇನ್ನೊಂದು ಲೋಟೆ ಕೇಳಿದರು.