ಕೆಂಡಕ್ಕನ ಸುಳ್ಳು ಕಲ್ಲು

ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದಕ್ಕೇ ಕೆಲಸದ ಜಾಗದಲ್ಲಿ ಎಲ್ಲರೂ ಅವಳನ್ನು ಕೆಂಡಕ್ಕ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅದಕ್ಕೂ ಅವಳು ಸಿಟ್ಟಾಗಿ, ಕೊನೆಗೆ ಬೇಸತ್ತು ಸುಮ್ಮನಾದಳು.

ಅವಳ ಕೆಲಸ ಕಟ್ಟು ಹಲ್ಲು ಮಾಡುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಿದ್ದರು. ಇವಳು ಮೇಣದಲ್ಲಿ ಹಲ್ಲು ಕೂರಿಸಿ, ಗುಲಾಬಿ ಪುಡಿ ಕಲಸಿ ಒಸಡು ಮಾಡಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದಳು. ಬಣ್ಣ ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಸೆಟ್ಟು ತಿರುಗಿ ಬರುತ್ತಿತ್ತು. ಸರಿಯಾಗಿದ್ದರೆ ಯಾರಿಂದಲೂ ಒಂದು ಮಾತಿಲ್ಲ. ಅವಳ ಹಲ್ಲು ಹಾಕಿಕೊಂಡು ನಗುವವರು ಬಸ್ಸಿನಲ್ಲಿ ಎದುರಿಗೆ ಕೂತರೂ ಅದು ಅವಳ ಕೈಕೆಲಸ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾದರೆ ಕೆಲಸ ಕೆಟ್ಟಿತು ಎಂದೇ ಅರ್ಥ. ಈ ನ್ಯಾಯ ಅವಳ ಹೊಟ್ಟೆಯಲ್ಲಿ ಸದಾ ಉರಿಯುತ್ತಿತ್ತು.

ಜಿಯೋಕ್ಯಾಶಿಂಗ್ ಎಂಬ ಆಟ ಅವಳಿಗೆ ಹಿಡಿಸಿದ್ದು ಅದಕ್ಕೇ ಇರಬೇಕು. ಊರಿನಲ್ಲಿ ಎಲ್ಲಾದರೂ ಒಂದು ಪುಟ್ಟ ಡಬ್ಬಿ ಅಡಗಿಸಬೇಕು. ಅದು ಭೂಪಟದಲ್ಲಿ ಎಲ್ಲಿದೆ ಎಂಬ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಬೇಕು. ಹುಡುಕುವವರು ಫೋನು ಹಿಡಿದು ಬಂದು, ತಡಕಿ ತೆಗೆದು, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಹೋಗಬೇಕು. ಡಬ್ಬಿಯೊಳಗೆ ಸಣ್ಣಪುಟ್ಟ ಸಾಮಾನಿದ್ದರೆ ಒಂದು ತೆಗೆದುಕೊಂಡು ಬದಲಿಗೆ ಇನ್ನೊಂದು ಇಡಬಹುದು. ಇಷ್ಟೇ. "ಬೇರೆ ಕೆಲಸ ಇಲ್ಲದವರಿಗೆ ಒಳ್ಳೆ ಕೆಲಸ" ಎಂದಿದ್ದ ಅವಳ ಗಂಡ. ಬಸ್ ಡಿಪೋದಲ್ಲಿ ಪಾಳಿ ಬರೆಯುವ ಅವನು ಒಂದು ಸಲ ಹಾಗೆಂದು, ಎರಡು ದಿನ ತನ್ನ ಅಡುಗೆ ತಾನೇ ಮಾಡಿಕೊಂಡು ಉಂಡ ಮೇಲೆ ಮತ್ತೆ ಆ ಸುದ್ದಿ ಎತ್ತಲಿಲ್ಲ.

ಹುಡುಕುವುದರಲ್ಲಿ ಅವಳು ಅಷ್ಟಕ್ಕಷ್ಟೇ. ಅಡಗಿಸುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಹಲ್ಲಿಗೆ ಬಣ್ಣ ಕೂಡಿಸುವ ಕೈಯಿಂದಲೇ ತುಕ್ಕು ಹಿಡಿದ ಬೋಲ್ಟು, ಮರದ ಗಂಟು, ಬಸವನಹುಳದ ಚಿಪ್ಪು ಮಾಡಿ ಅವುಗಳೊಳಗೆ ಚೀಟಿ ಸುತ್ತಿಡುತ್ತಿದ್ದಳು. ಎಲ್ಲಕ್ಕಿಂತ ಮೇಲಿನ ಕೆಲಸವೆಂದರೆ ಕಾಲುವೆ ದಂಡೆಯ ಕಲ್ಲು. ಕಾಲುವೆಯ ಪಕ್ಕ ಜನ ವಾಕಿಂಗ್ ಹೋಗುವ ದಾರಿ, ದಾರಿಯುದ್ದಕ್ಕೂ ಎದೆಮಟ್ಟದ ಹಳೆಯ ಕಲ್ಲುಗೋಡೆ. ಅದರಲ್ಲಿ ಒಂದು ಕಲ್ಲು ಉದುರಿ ಬಿದ್ದ ಜಾಗವಿತ್ತು. ಅದರ ಅಳತೆ ತೆಗೆದು, ಒಳಗೆ ಟೊಳ್ಳಿರುವ ಸುಳ್ಳು ಕಲ್ಲೊಂದನ್ನು ಮಾಡಿ, ಪಾಚಿಯ ಹಸಿರು ಹಿಡಿಸಿ, ಹಕ್ಕಿ ಹಿಕ್ಕೆಯ ಬಿಳಿ ಕಲೆಯನ್ನೂ ಬಿಡದೆ ಬಳಿದು ಕೂರಿಸಿದಳು. ಒಂದು ಚಳಿಗಾಲವೆಲ್ಲ ಅದಕ್ಕೇ ಹೋಯಿತು. ಮರುದಿನ ಹೋಗಿ ನೋಡಿದಾಗ ಯಾವುದು ತನ್ನದು ಎಂದು ಅವಳಿಗೇ ಒಂದು ಗಳಿಗೆ ತಿಳಿಯಲಿಲ್ಲ. ಅಂದು ಅವಳು ಯಾರ ಮೇಲೂ ರೇಗಲಿಲ್ಲವಂತೆ.

ಆ ಸುಖ ಹೆಚ್ಚು ದಿನ ಉಳಿಯಲಿಲ್ಲ. ಹಾಕಿದ ವಾರದಲ್ಲೇ ಒಬ್ಬ "ಸಿಕ್ಕಿತು" ಎಂದು ಇಂಟರ್ನೆಟ್ಟಿನಲ್ಲಿ ಬರೆದ. ಅವನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಊರಿನಲ್ಲಿ ಯಾವ ಹೊಸ ಡಬ್ಬಿ ಬಂದರೂ ಎಲ್ಲರಿಗಿಂತ ಮೊದಲು ಹುಡುಕಿ ಮೀಸೆ ತಿರುವುವ ಹುಚ್ಚು, ಹಾಗಾಗಿ ಆಟದವರೆಲ್ಲ ಅವನಿಗೆ ಮೊದಲಿಗ ಎಂದೇ ಹೆಸರಿಟ್ಟಿದ್ದರು. ಅವನ ಹಿಂದೆ ಇನ್ನೂ ಕೆಲವರು ಸಿಕ್ಕಿತು ಸಿಕ್ಕಿತು ಎಂದರು. ಕೆಂಡಕ್ಕ ಹೋಗಿ ಕಲ್ಲು ತೆರೆದು ನೋಡಿದರೆ ಚೀಟಿಯಲ್ಲಿ ಒಬ್ಬರ ಹೆಸರೂ ಇಲ್ಲ. ಚೀಟಿ ಬಿಳಿ ಹಾಳೆ.

ಅವಳಿಗೆ ಪಿತ್ತ ನೆತ್ತಿಗೇರಿತು. ತಿಂಗಳುಗಟ್ಟಲೆ ಕಣ್ಣು ನೆಟ್ಟು ಮಾಡಿದ್ದಕ್ಕೆ ಈ ಸುಳ್ಳುಗಾರರು ಮುಟ್ಟಿ ಕೂಡ ನೋಡದೆ ಸಿಕ್ಕಿತು ಎನ್ನುತ್ತಾರಲ್ಲ. ಅವರು ಬರೆದದ್ದನ್ನೆಲ್ಲ ಅಳಿಸಿ ಹಾಕಿದಳು. ಮೊದಲಿಗ ಸುಮ್ಮನಿರುವ ಆಸಾಮಿಯಲ್ಲ. ತಾನು ಡಬ್ಬಿ ತೆಗೆದದ್ದು ನಿಜ, ಒಳಗೆ ಚೀಟಿ ಇರಲಿಲ್ಲ, ತಾನೇ ಒಂದು ಇಟ್ಟು ಸಹಿ ಹಾಕಿ ಬಂದೆ ಎಂದು ಉದ್ದಕ್ಕೆ ಬರೆದ. ಚೀಟಿ ತನ್ನ ಕಣ್ಣೆದುರಿಗೇ ಇರುವಾಗ ಈ ಮಾತೆಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಅದನ್ನೂ ಅಳಿಸಿದಳು.

ಇದಾಗಿ ಸ್ವಲ್ಪ ದಿನಕ್ಕೆ ದಂಡೆಯ ಮೇಲಿದ್ದ ಅವಳ ಬಸವನಹುಳ ಪುಡಿಪುಡಿಯಾಯಿತು. ಆಮೇಲೆ ಮರದ ಗಂಟು. ಯಾರೋ ಜಜ್ಜಿ, ಚೂರುಗಳನ್ನು ಗುಡ್ಡೆ ಮಾಡಿ, ಇದ್ದ ಜಾಗದಲ್ಲೇ ಇಟ್ಟು ಹೋಗಿದ್ದರು. ಕದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಗುಡ್ಡೆ ಮಾಡಿದ್ದು ನೋಡಿ ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಇದು ಮೊದಲಿಗನದೇ ಸೇಡು ಎಂದು ಅವಳಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಎಲ್ಲರೂ ಓದುವ ಜಾಗದಲ್ಲಿ ಅವನ ಹೆಸರು ಹಿಡಿದು ಬರೆದಳು. ಅಷ್ಟು ಸಾಲದೆ ಆಟದವರೆಲ್ಲ ಸೇರಿದ ದಿನ ಪಾರ್ಕಿನಲ್ಲಿ ಅವನೆದುರು ನಿಂತು, ನರೆತ ತಲೆಗೆ ನಾಚಿಕೆಯಾಗಬೇಕು ಎಂದಳು. ಅವನ ಮುಖ ಬಿಳುಚಿತು. ಟೋಪಿ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಂದುಕೊಂಡು ಅವಳು ಗೆದ್ದ ಖುಷಿಯಲ್ಲಿ ಮನೆಗೆ ಬಂದಳು.

ಕಲ್ಲಾದರೂ ಉಳಿಯಲಿ ಎಂದು ರಜೆಯ ದಿನ ಬೆಳಗ್ಗೆ ಬೇಗ ಎದ್ದು ದಂಡೆಗೆ ಹೋದಳು. ದೂರದಿಂದಲೇ ಟಣ್ ಟಣ್ ಎಂಬ ಸದ್ದು. ಓಡಿ ಬಂದು ನೋಡಿದರೆ ಮೊದಲಿಗನಲ್ಲ, ದಂಡೆ ಗುಡಿಸುವ ಹೆಂಗಸು. ಅರವತ್ತರ ಹತ್ತಿರದ ಪ್ರಾಯ, ನಗರಸಭೆಯವರು ಕೊಟ್ಟ ಕಿತ್ತಳೆ ಬಣ್ಣದ ಕೋಟು. ಕಸದ ಗಾಡಿಯ ಸಲಿಕೆ ಎತ್ತಿ ಗೋಡೆಗೆ ಬಡಿಯುತ್ತಿದ್ದಳು. ಇವಳು ತಲುಪುವಷ್ಟರಲ್ಲಿ ಸುಳ್ಳು ಕಲ್ಲು ಎರಡು ಹೋಳಾಗಿ ನೆಲಕ್ಕೆ ಬಿತ್ತು.

"ಏಯ್, ನಿನಗೇನು ತಲೆ ಕೆಟ್ಟಿದೆಯಾ?" ಎಂದಳು ಕೆಂಡಕ್ಕ.

ಹೆಂಗಸು ತಿರುಗಿ ನೋಡಿದಳು. ಹೆದರಲಿಲ್ಲ. ಸಲಿಕೆ ಕೆಳಗಿಳಿಸಲೂ ಇಲ್ಲ.

"ನೀನೇ ತಾನೆ ಇದನ್ನೆಲ್ಲ ಇಡೋಳು? ಆಗಾಗ ಬಂದು ಸವರಿ ನೋಡ್ತಿದ್ದೆ, ನೋಡಿದೀನಿ. ಬಾ ಇಲ್ಲಿ."

ನಾಲ್ಕು ಹೆಜ್ಜೆ ಆಚೆ, ಗೋಡೆಯ ಬುಡದಲ್ಲಿ, ಚಪ್ಪಡಿಯೊಂದನ್ನು ಪಕ್ಕಕ್ಕೆ ಸರಿಸಿ ಒಂದು ಪೊಟರೆ ತೋರಿಸಿದಳು. ಒಳಗೆ ಒಂದು ತಗಡಿನ ಡಬ್ಬಿ. ಅವಳ ಊಟ, ಮಾತ್ರೆ, ಮನೆಗೆ ಹೋಗುವಾಗ ಹಾಕಿಕೊಳ್ಳುವ ಒಣ ಕಾಲುಚೀಲ, ಎಲ್ಲ ಅದರಲ್ಲೇ. ದಂಡೆಯಲ್ಲಿ ಕೆಲಸ ಮಾಡುವವರಿಗೆ ಒಂದು ಕೋಣೆಯಿಲ್ಲ, ಚೀಲ ತೂಗುಹಾಕಲು ಮೊಳೆಯೂ ಇಲ್ಲ. ನಾಯಿ ಬಾಯಿಗೆ ಸಿಗದಿರಲಿ ಎಂದು ಎಷ್ಟೋ ವರ್ಷದಿಂದ ಅಲ್ಲೇ ಮುಚ್ಚಿಡುತ್ತಿದ್ದಳು. ಈಚೆಗೆ ಬಂದವರು ಬಂದವರೆಲ್ಲ ಅದನ್ನು ಎಳೆದು, ತೆರೆದು, ತಡಕಾಡಿ ಹೋಗುತ್ತಿದ್ದರು. ಅನ್ನದ ಮೇಲೆ ಕಾಗದ ಇಟ್ಟು ಸಹಿ ಹಾಕಿದ್ದರು. ಒಬ್ಬರು ಅಂಗಿಯ ಗುಂಡಿ ಇಟ್ಟರು, ಇನ್ನೊಬ್ಬರು ಗೋಲಿ. ಅಷ್ಟನ್ನಾದರೆ ಅವಳು ಇವರನ್ನು ಹುಚ್ಚರೆಂದುಕೊಂಡು ಸಹಿಸುತ್ತಿದ್ದಳು.

"ಮೊದಲ ದಿನಾನೇ ಪ್ಲಾಸ್ಟಿಕ್ ಕಪ್ಪೆ ಇಟ್ಟು ನನ್ನ ಗಂಡನ ಸೀಟಿ ತಗೊಂಡು ಹೋದ್ರು," ಎಂದಳು. "ಕಾವಲು ಕೆಲಸದಲ್ಲಿ ಅವನು ಊದ್ತಿದ್ದ ಸೀಟಿ. ಅವನು ಹೋದ್ಮೇಲೆ ಅದೊಂದೇ ನಾನು ಇಟ್ಕೊಂಡಿದ್ದು. ನನ್ನದನ್ನ ನೀವು ಮುಟ್ಟಬಹುದು, ನಿನ್ನದನ್ನ ನಾನು ಮುಟ್ಟಬಾರದಾ?"

ಕೆಂಡಕ್ಕ ಬಗ್ಗಿ ಆ ಡಬ್ಬಿಯನ್ನು ನೋಡಿದಳು. ತನ್ನ ಕಲ್ಲು ಯಾರ ಕಣ್ಣಿಗೂ ಬೀಳದಷ್ಟು ಚೆನ್ನಾಗಿತ್ತು. ಕಣ್ಣಿಗೆ ಬೀಳದಿದ್ದುದರಿಂದಲೇ ಜನ ಈ ಡಬ್ಬಿಯನ್ನು ಆಟದ ಡಬ್ಬಿಯೆಂದು ತಿಳಿದಿದ್ದರು. ಸುಳ್ಳು ಹೇಳಿದವರು ಯಾರೂ ಇಲ್ಲ. ಮುದುಕನಿಗೆ ಪಾರ್ಕಿನಲ್ಲಿ ಆಡಿದ ಮಾತು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಕ್ಷಮಿಸಿ ಎನ್ನಬೇಕು ಎನಿಸಿತು, ಆದರೆ ಆ ಪದ ಅವಳ ಬಾಯಿಗೆ ಒಗ್ಗಿದ್ದಲ್ಲ. ಹೋಳುಗಳನ್ನು ಚೀಲಕ್ಕೆ ತುಂಬಿಕೊಂಡು, "ಸೀಟಿ ಹುಡುಕಿ ತರ್ತೀನಿ" ಎಂದಷ್ಟೇ ಹೇಳಿ ಹೊರಟಳು. ಹೆಂಗಸು, "ಹುಡುಕೋದು ನಿಮ್ಮ ಆಟ ಅಲ್ವಾ, ಹುಡುಕು" ಎಂದು ಗುಡಿಸತೊಡಗಿದಳು.

ಮೊದಲು ಮೊದಲಿಗನ ಮನೆಗೇ ಹೋಗಬೇಕಿತ್ತು, ತಪ್ಪಾಯಿತು ಎನ್ನಲು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದಳು. ಅವನ ಸೊಸೆ ಬಾಗಿಲು ತೆರೆದು ಒಳಗೆ ಕರೆದಳು. ಮುದುಕ ಕುರ್ಚಿಯಿಂದ ಏಳದೆ, "ಬನ್ನಿ ತಾಯಿ, ಇನ್ನೇನು ಬಾಕಿ ಉಳಿದಿದೆ ಬೈಯೋಕೆ?" ಎಂದ. ಅವಳು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವನ ಹಿಂದಿನ ಗೋಡೆ ಕಣ್ಣಿಗೆ ಬಿತ್ತು. ಮೊದಲು ಹುಡುಕಿದ ಡಬ್ಬಿಗಳಿಂದ ತಂದ ಸಾಮಾನುಗಳನ್ನೆಲ್ಲ ಸಾಲಾಗಿ ಮೊಳೆ ಹೊಡೆದು ತೂಗುಹಾಕಿದ್ದ. ಅವುಗಳ ನಡುವೆ, ನವೆದ ಕಪ್ಪು ದಾರದಲ್ಲಿ, ಹಿತ್ತಾಳೆಯ ಸೀಟಿ.

ಜೋಡಿಸಿಕೊಂಡು ಬಂದ ಮಾತೆಲ್ಲ ಹಾರಿಹೋಯಿತು.

"ಸಾರ್, ಆ ಸೀಟಿ ಎಲ್ಲಿಂದ ತಂದಿರಿ?"

ನಿಮ್ಮದೇ ದಂಡೆಯ ಡಬ್ಬಿಯಿಂದ, ಆಟದ ನಿಯಮದ ಪ್ರಕಾರ, ಕಪ್ಪೆ ಇಟ್ಟು ತಂದದ್ದು ಎಂದ ಅವನು, ಈಗಲಾದರೂ ನಂಬುತ್ತೀರಾ ಎಂಬ ಗತ್ತಿನಲ್ಲಿ. ಅದು ಆಟದ ಡಬ್ಬಿಯಲ್ಲ, ಗುಡಿಸುವ ಹೆಂಗಸಿನ ಊಟದ ಬುತ್ತಿ ಎಂದು ಅವಳು ಹೇಳಿದಳು. ಬಚ್ಚಿಟ್ಟಿತ್ತು, ಅಂಕಿ ಸರಿಯಾಗಿತ್ತು, ತನಗೆ ಹೇಗೆ ಗೊತ್ತಾಗಬೇಕು ಎಂದು ಅವನು ವಾದಕ್ಕೆ ನಿಂತ.

"ಮುಚ್ಚಳ ತೆಗೆದಾಗ ಅನ್ನದ ವಾಸನೆ ಬರಲಿಲ್ವಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ, "ಮಾವ, ಅವತ್ತು ನೀವೇ ಹೇಳಿದ್ರಲ್ಲ, ಯಾರೋ ಡಬ್ಬೀಲಿ ಊಟ ಇಟ್ಟಿದಾರೆ ಅಂತ. ನಕ್ಕಿದ್ರಿ" ಎಂದಳು. ಮುದುಕ ತಲೆ ತಗ್ಗಿಸಿದ. ಮೊದಲಿಗನಾಗುವ ಅವಸರದಲ್ಲಿ ಮೂಗು ಹೇಳಿದ್ದನ್ನು ಕೇಳಿಸಿಕೊಳ್ಳದ ಮನುಷ್ಯ. ಕೆಂಡಕ್ಕನೂ ಅವನಿಗಿಂತ ಮೇಲೇನಲ್ಲ. ತಾನೇ ಆರಿಸಿದ ಜಾಗದಲ್ಲಿ ದಿನವಿಡೀ ಯಾರು ದುಡಿಯುತ್ತಾರೆ ಎಂದು ಒಂದು ಸಲವೂ ತಿರುಗಿ ನೋಡಿದವಳಲ್ಲ. ಅದು ತಿಳಿದಷ್ಟೂ ಅವಳ ಸಿಟ್ಟು ಏರಿತು.

ಸೀಟಿಯನ್ನು ಕಿತ್ತುಕೊಂಡು ಬರಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ನೀವೇ ಬಂದು ಕೊಡಿ ಎಂದು ಪಟ್ಟು ಹಿಡಿದಳು. "ನಾನು ನಿಮಗೆ ಅಂದಿದ್ದು ತಪ್ಪು. ಅದನ್ನ ಎಲ್ಲರ ಎದುರಿಗೆ ಬರೀತೀನಿ. ಇದು ಬೇರೆ, ಅದು ಬೇರೆ. ಎದ್ದೇಳಿ." ಅದು ಕ್ಷಮೆಯೋ ಜಗಳವೋ ಅವನಿಗೆ ತಿಳಿಯಲಿಲ್ಲ. ಆದರೂ ಎದ್ದ.

ಇಬ್ಬರೂ ದಂಡೆಗೆ ಬಂದರು. ಹೆಂಗಸು ಸೀಟಿ ತೆಗೆದುಕೊಂಡು ಕೋಟಿನ ಅಂಚಿನಲ್ಲಿ ಒರೆಸಿದಳು. ತುಟಿಗಿಟ್ಟು ನೋಡಿ, ಊದದೆ ಕೆಳಗಿಳಿಸಿದಳು. ಮೊದಲಿಗ ಕೈಜೋಡಿಸಿ, ಗೊತ್ತಿಲ್ಲದೆ ಆಯಿತಮ್ಮ ಎಂದ. ಅವಳು ಪರವಾಗಿಲ್ಲ ಎನ್ನಲಿಲ್ಲ. ಸೀಟಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು, "ಕಪ್ಪೆ ವಾಪಸ್ ಸಿಗಲ್ಲ. ಮೊಮ್ಮಗಳಿಗೆ ಕೊಟ್ಟುಬಿಟ್ಟಿದೀನಿ" ಎಂದಳಷ್ಟೇ.

ಅಂದು ಸಂಜೆ ಕೆಂಡಕ್ಕ ದಂಡೆಯ ತನ್ನ ಎಲ್ಲ ಡಬ್ಬಿಗಳನ್ನೂ ಕಿತ್ತು ತಂದಳು. ಇಂಟರ್ನೆಟ್ಟಿನಲ್ಲಿ ಅಂಕಿಗಳನ್ನು ತೆಗೆದಳು, ಆದದ್ದನ್ನು ಆದ ಹಾಗೆ ಬರೆದಳು, ಮೊದಲಿಗನ ಹೆಸರಿಗೆ ತಾನು ಹಚ್ಚಿದ ಮಸಿ ಸುಳ್ಳೆಂದಳು. ಕೆಲವರು, ಹೋಗಲಿ ಬಿಡಿ, ಗುಡಿಸುವವಳಿಗೂ ಗೋಡೆಗೂ ಏನು ಸಂಬಂಧ, ಒಂದು ಸೀಟಿಗೆ ಇಷ್ಟು ರಾದ್ಧಾಂತವೇ ಎಂದು ಬರೆದರು. ಅವರಿಗೆ ಅವಳು ಕೊಟ್ಟ ಉತ್ತರಗಳನ್ನು ಆಮೇಲೆ ಯಾರೋ ಅಳಿಸಬೇಕಾಯಿತು.

ಅವಳ ಸಿಟ್ಟಿಗೆ ಈಗ ಹೊಸ ವಿಳಾಸ ಸಿಕ್ಕಿತ್ತು. ಲ್ಯಾಬಿಗೆ ರಜೆಯಿದ್ದ ದಿನ ನಗರಸಭೆಗೆ ಹೋಗಿ ನೈರ್ಮಲ್ಯದ ಮೇಲ್ವಿಚಾರಕನ ಮೇಜಿನೆದುರು ನಿಂತಳು. ಮನುಷ್ಯರು ಅನ್ನದ ಬುತ್ತಿಯನ್ನು ಗೋಡೆ ಸಂದಿಯಲ್ಲಿ ಇಡಬೇಕಾ ಎಂದು ಕೇಳಿದಳು. ದಂಡೆಯವರಿಗೆ ಕೋಣೆ ಕೊಡುವ ಪದ್ಧತಿಯಿಲ್ಲ ಎಂದ ಅವನು. ಇವಳು ಆ ಹೆಂಗಸಿಗೆ ಏನಾಗಬೇಕು ಎಂದೂ ಕೇಳಿದ. ಏನೂ ಆಗಬೇಕಿಲ್ಲ ಎಂದಳು. ಮುಂದಿನ ರಜೆಗೂ ಹೋದಳು, ಅದರ ಮುಂದಿನದಕ್ಕೂ. ಮೇಲ್ವಿಚಾರಕ ಅವಳನ್ನು ದೂರದಿಂದ ಕಂಡರೆ ಊಟಕ್ಕೆ ಎದ್ದು ಹೋಗುತ್ತಿದ್ದ. ಅವಳು ಅವನ ಕುರ್ಚಿಯ ಪಕ್ಕದಲ್ಲೇ ಕಾಯುತ್ತಿದ್ದಳು. ಒಂದು ದಿನ ಗಂಡನೂ ಜೊತೆಗೆ ಬಂದ. ಕೊನೆಯವರೆಗೂ ಅವಳ ಪಕ್ಕದಲ್ಲೇ ನಿಂತಿದ್ದ.

ಕೊನೆಗೆ ಕಾಲುವೆ ಪಕ್ಕದ ಹಳೆಯ ಪಂಪ್ ಮನೆಯ ಒಂದು ಮೂಲೆ ಬಿಡಿಸಿಕೊಟ್ಟರು. ಒಂದು ಬೆಂಚು, ನಾಲ್ಕು ಮೊಳೆ, ಬೀಗವಿರುವ ಒಂದು ಕಪಾಟು. ದಂಡೆಯ ಗುಡಿಸುವವರೆಲ್ಲರಿಗೂ ಸೇರಿ ಅದು. ಕೆಂಡಕ್ಕ ನೋಡಲು ಹೋದಾಗ ಆ ಹೆಂಗಸು ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದಳು. ಅವರಿಬ್ಬರೂ ಗೆಳತಿಯರೇನೂ ಆಗಿರಲಿಲ್ಲ. ಹೆಂಗಸು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಕೆಂಡಕ್ಕ ಕೂತು ಸುತ್ತ ನೋಡಿದಳು. ಕಿಟಕಿಯಿಲ್ಲ. ಮೇಲೆ ದೀಪ ಸಿಕ್ಕಿಸುವ ಜಾಗವಿತ್ತು, ದೀಪವಿರಲಿಲ್ಲ. ಹೆಂಗಸು ಬಾಗಿಲನ್ನು ಕಾಲಿನಿಂದ ತಡೆದಿಟ್ಟುಕೊಂಡು, ಆ ಬೆಳಕಿನಲ್ಲಿ ತುತ್ತು ಕಲಸುತ್ತಿದ್ದಳು.

"ದೀಪ ಯಾಕೆ ಹಾಕಿಲ್ಲ?" ಎಂದಳು ಕೆಂಡಕ್ಕ.

"ಕೇಳಿದೆ. ಆಗಲ್ಲ ಅಂದ್ರು."

ಕೆಂಡಕ್ಕ ಚಪ್ಪಲಿ ಮೆಟ್ಟಿಕೊಂಡು ಎದ್ದು, ನಗರಸಭೆಯ ಕಡೆ ಬಿರಬಿರನೆ ನಡೆದಳು.